ಪರ್ಲ್ ಜಾಮ್: ಪ್ರಸಂಗ ಮೊದಲೋ, ಆಟ ಮೊದಲೋ?

"ಚಿಕ್ಕಪ್ಪ, ಈ ಪರ್ಲ್ ಜಾಮ್ ಎಲ್ಲಿಂದ ಕೇಳ್ಲಿಕ್ಕೆ ಶುರು ಮಾಡುವುದು? ಹನ್ನೆರಡು ಆಲ್ಬಂ ಉಂಟು. ಲೈವ್ ಅಂತ ನೋಡಿದ್ರೆ ನೂರಾರು ಉಂಟು. ಯಾವುದನ್ನು ಒತ್ತಬೇಕು ಅಂತಲೇ ಗೊತ್ತಾಗುದಿಲ್ಲ."

ಮಣಿಪಾಲದಲ್ಲಿ ಓದುವ ಅಣ್ಣನ ಮಗಳು ಕಳೆದ ಮಳೆಗಾಲದಲ್ಲಿ ಕೇಳಿದ ಪ್ರಶ್ನೆ. ಉಡುಪಿಯಲ್ಲಿ ಅವತ್ತು ಬೆಳಗ್ಗಿನಿಂದ ಬಿಡದ ಮಳೆ. ಒಂದೇ ಮಾತಿನ ಉತ್ತರ ನನ್ನ ಬಳಿ ಇರಲಿಲ್ಲ. ಆ ಶನಿವಾರ ಮಂಗಳೂರಿಗೆ ಹೋದಾಗ ಅದೇ ಪ್ರಶ್ನೆಯನ್ನು ಗೆಳೆಯರ ಮುಂದೆ ಇಟ್ಟೆ. ಗೋಳಿಬಜೆ ತಣ್ಣಗಾಯಿತು, ಎರಡನೇ ಸುತ್ತು ಚಹಾ ಬಂತು, ಚರ್ಚೆ ಮುಗಿಯಲಿಲ್ಲ. ಮೂವತ್ತು ವರ್ಷದಿಂದ ಈ ಬ್ಯಾಂಡನ್ನು ಕೇಳುತ್ತಿರುವ ಮೂರು ಜನಕ್ಕೆ ಮೂರು ದಾರಿ. ಆ ಚರ್ಚೆಯಲ್ಲಿ ಬಂದದ್ದನ್ನೂ ನನಗೆ ಸರಿ ಅನ್ನಿಸಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪರ್ಲ್ ಜಾಮ್ ಅಮೆರಿಕದ ಸಿಯಾಟಲ್‌ನ ಬ್ಯಾಂಡ್. ಮೊದಲ ಸಲ ವೇದಿಕೆ ಹತ್ತಿದ್ದು 1990ರ ಅಕ್ಟೋಬರ್ 22ರಂದು. ಹಾಡುವವರು ಎಡ್ಡಿ ವೆಡ್ಡರ್. ಗಿಟಾರ್ ಸ್ಟೋನ್ ಗೊಸಾರ್ಡ್ ಮತ್ತು ಮೈಕ್ ಮೆಕ್ರೆಡಿ ಅವರದು, ಬೇಸ್ ಜೆಫ್ ಅಮೆಂಟ್ ಅವರದು. ಈ ನಾಲ್ಕು ಜನ ಶುರುವಿನಿಂದಲೂ ಇದ್ದಾರೆ. ಡ್ರಮ್ ಬಾರಿಸುವವರು ಮಾತ್ರ ಬದಲಾಗುತ್ತಾ ಬಂದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಇವರ ಎರಡು ಕಾರ್ಯಕ್ರಮ ಒಂದೇ ಥರ ಇರುವುದಿಲ್ಲ. ಅವತ್ತು ಯಾವ ಹಾಡು, ಯಾವ ಸಾಲಿನಲ್ಲಿ ಅಂತ ವೆಡ್ಡರ್ ಅವತ್ತೇ ಕೈಯಲ್ಲಿ ಬರೆದು ಪಟ್ಟಿ ಮಾಡುತ್ತಾರೆ. ಎರಡೂವರೆ, ಮೂರು ಗಂಟೆ ನುಡಿಸುತ್ತಾರೆ. ಬರೆದ ಪಟ್ಟಿಯನ್ನು ನಡುವೆ ಬಿಟ್ಟು ಬೇರೆ ಕಡೆ ಹೋಗುವುದೂ ಉಂಟು.

ನಮ್ಮ ಕಡೆಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನ ಪ್ರಸಂಗದ ಪುಸ್ತಕದಲ್ಲಿ ಪದ್ಯಗಳೆಲ್ಲ ಅಚ್ಚಾಗಿರುತ್ತವೆ. ಆದರೆ ಪುಸ್ತಕ ಓದಿ ಆಯಿತು ಅಂತ ಯಾರಾದರೂ ಗದಾಯುದ್ಧದ ಆಟ ಬಿಡುತ್ತಾರಾ? ಇವತ್ತು ಭಾಗವತರು ಯಾವ ಪದ್ಯ ಎತ್ತುತ್ತಾರೆ, ಯಾವುದನ್ನು ಬಿಡುತ್ತಾರೆ, ಕೌರವ ಯಾರು, ಚೆಂಡೆ ಯಾರದು, ಇದನ್ನೆಲ್ಲ ನೋಡಲಿಕ್ಕೆ ಅಲ್ವಾ ನಾವು ಹೋಗುವುದು? ಪರ್ಲ್ ಜಾಮ್‌ನ ಸ್ಟುಡಿಯೊ ಆಲ್ಬಂ ಅಂದರೆ ಪ್ರಸಂಗ. ಲೈವ್ ಅಂದರೆ ಆಟ. ಹಾಗಾಗಿ "ಯಾವ ಆಲ್ಬಂ ಒಳ್ಳೆಯದು" ಅಂತ ಮಾತ್ರ ಕೇಳಿದರೆ ಅರ್ಧ ಪ್ರಶ್ನೆ ಉಳಿದುಬಿಡುತ್ತದೆ.

ಟೆನ್ ಮತ್ತು ವರ್ಸಸ್

ಹೆಚ್ಚಿನವರು ಶುರು ಮಾಡುವುದು ಟೆನ್‌ನಿಂದ. 1991ರ ಆಗಸ್ಟ್ 27ರಂದು ಬಂದ ಮೊದಲ ಆಲ್ಬಂ. ಹನ್ನೊಂದು ಹಾಡು. ಅಮೆರಿಕದಲ್ಲೇ 1.3 ಕೋಟಿಗಿಂತ ಹೆಚ್ಚು ಪ್ರತಿ ಹೋಗಿದೆ. ಬ್ಯಾಂಡಿಗೆ ಮೊದಲು ಇದ್ದ ಹೆಸರು ಮೂಕಿ ಬ್ಲೇಲಾಕ್, ಅದು ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನ ಹೆಸರು. ಅವನ ಅಂಗಿಯ ಮೇಲಿದ್ದ ಸಂಖ್ಯೆ ಹತ್ತು. ಆಲ್ಬಂನ ಹೆಸರು ಬಂದದ್ದು ಅಲ್ಲಿಂದ.

ಈ ಹಾಡುಗಳ ಹುಟ್ಟು ನನಗೆ ತುಂಬ ಇಷ್ಟ. ವೆಡ್ಡರ್ ಆಗ ಸ್ಯಾನ್ ಡಿಯೇಗೊದಲ್ಲಿದ್ದರು. ರಾತ್ರಿ ಪಾಳಿಯ ಕೆಲಸ, ಉಳಿದ ಹೊತ್ತು ಕಡಲಲ್ಲಿ ಸರ್ಫಿಂಗ್. ಸಿಯಾಟಲ್‌ನಿಂದ ಬಂದ ಕ್ಯಾಸೆಟ್‌ನಲ್ಲಿ ಬರೀ ವಾದ್ಯ ಇತ್ತು. ಅದನ್ನು ಕೇಳಿ, ಅಲೆಗಳ ಮೇಲೆ ಹೋಗಿ ಬಂದು, ಮಾತು ಕಟ್ಟಿ, ಅದರ ಮೇಲೆ ಹಾಡಿ ಕಳಿಸಿದರು. ಅಲೈವ್ ಹುಟ್ಟಿದ್ದು ಹಾಗೆ. ತಂದೆ ಅಂತ ತಿಳಿದುಕೊಂಡಿದ್ದವರು ತಂದೆಯಲ್ಲ, ನಿಜವಾದ ತಂದೆ ತೀರಿಹೋಗಿದ್ದಾರೆ ಅಂತ ಗೊತ್ತಾದ ಹುಡುಗನ ಹಾಡು ಅದು. ವೆಡ್ಡರ್ ಅವರದೇ ಬದುಕು. "ನಾನಿನ್ನೂ ಬದುಕಿದ್ದೇನೆ" ಅನ್ನುವುದು ಅಲ್ಲಿ ಭಾರದ ಮಾತು, ಶಾಪದ ಹಾಗೆ. ಆಮೇಲೆ ಸಾವಿರಾರು ಜನ ಕೈ ಎತ್ತಿ ಆ ಸಾಲನ್ನು ಹಾಡಲು ಶುರು ಮಾಡಿದರು. ಅವರಿಗೆ ಅದು ಸಂತೋಷದ ಮಾತು. ಜನ ಹಾಗೆ ಹಾಡಿದ್ದರಿಂದಲೇ ಆ ಶಾಪ ಕಳೆಯಿತು ಅಂತ ವೆಡ್ಡರ್ ಮುಂದೆ ಹೇಳಿದ್ದಾರೆ. ಈ ಬದಲಾವಣೆ ಸ್ಟುಡಿಯೊದಲ್ಲಿ ಆದದ್ದಲ್ಲ, ವೇದಿಕೆಯ ಮೇಲೆ ಆದದ್ದು. ಟೆನ್ ಮಾತ್ರ ಕೇಳಿದವರಿಗೆ ಅಲೈವ್‌ನ ಮೊದಲ ಅರ್ಥ ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ.

ಟೆನ್‌ನಲ್ಲಿ ಹೊಸಬರಿಗೆ ಒಂದು ತೊಡಕು ಉಂಟು. ಅದಕ್ಕೆ ಎಕೋ ಜಾಸ್ತಿ. ದೊಡ್ಡ ಹಜಾರದ ಆಚೆ ತುದಿಯಲ್ಲಿ ನಿಂತು ಹಾಡಿದ ಹಾಗೆ ಕೇಳುತ್ತದೆ. 2009ರಲ್ಲಿ ಬ್ರೆಂಡನ್ ಓಬ್ರಿಯನ್ ಅದನ್ನು ಹೊಸದಾಗಿ ಮಿಕ್ಸ್ ಮಾಡಿದರು. ಅದರಲ್ಲಿ ಎಕೋ ಕಡಿಮೆ, ಗಿಟಾರ್ ಹತ್ತಿರ, ಸ್ವರ ಇನ್ನೂ ಹತ್ತಿರ. ಎರಡೂ ಸಿಗುತ್ತವೆ. ಹೊಸಬರು 2009ರದ್ದನ್ನು ಆರಿಸಿಕೊಳ್ಳಲಿ. ನನಗೆ ಮಾತ್ರ ಹಳೆಯದೇ ಬೇಕು. ಹಂಪನಕಟ್ಟೆಯಲ್ಲಿ ಕೊಂಡ ಕ್ಯಾಸೆಟ್ಟಿನಲ್ಲಿ ಕೇಳಿದ್ದು ಅದನ್ನೇ, ಕಿವಿ ಅದಕ್ಕೇ ಒಗ್ಗಿದೆ. ಓಷನ್ಸ್ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ. ಇಂಗ್ಲೆಂಡಿನಲ್ಲಿ ಮಿಕ್ಸ್ ಮಾಡಿದ ಟಿಮ್ ಪಾಮರ್ ಅದಕ್ಕೆ ತಾಳ ಹಾಕಿದ್ದು ಕಾಳುಮೆಣಸಿನ ಪುಡಿಯ ಡಬ್ಬಿ ಮತ್ತು ಬೆಂಕಿ ಆರಿಸುವ ಸಿಲಿಂಡರ್‌ನಿಂದ.

ನಮ್ಮ ಗೆಳೆಯನೊಬ್ಬ ಇಗರ್ಜಿಯ ಗಾಯನ ತಂಡಕ್ಕೂ ಮದುವೆ ಬ್ಯಾಂಡಿಗೂ ಡ್ರಮ್ ಬಾರಿಸುವವನು. ಅವನದು ಒಂದೇ ಹಟ. "ಟೆನ್ ಎಲ್ಲ ಆಮೇಲೆ ಮಾರಾಯಾ. ಹುಡುಗಿಗೆ ವರ್ಸಸ್ ಹಾಕಿ ಕೊಡು. ಮೊದಲ ಹತ್ತು ಸೆಕೆಂಡ್ ಸಾಕು."

ಅವನ ಮಾತಿನಲ್ಲಿ ಹುರುಳಿದೆ. ವರ್ಸಸ್ ಬಂದದ್ದು 1993ರ ಅಕ್ಟೋಬರ್‌ನಲ್ಲಿ. ಅಮೆರಿಕದಲ್ಲಿ ಮೊದಲ ಐದೇ ದಿನದಲ್ಲಿ 9.5 ಲಕ್ಷ ಪ್ರತಿ ಮಾರಾಟವಾಯಿತು, ಆಗ ಅದು ದಾಖಲೆ. ಅದೂ ಒಂದೇ ಒಂದು ವಿಡಿಯೊ ಮಾಡದೆ. ಟೆನ್ ಕಾಲದ ಜೆರೆಮಿ ವಿಡಿಯೊಗೆ ಎಂಟಿವಿಯ ದೊಡ್ಡ ಬಹುಮಾನ ಬಂದ ಮೇಲೂ ಅವರು ವಿಡಿಯೊ ಮಾಡುವುದನ್ನೇ ನಿಲ್ಲಿಸಿದ್ದರು. ಡ್ರಮ್‌ನಲ್ಲಿ ಡೇವ್ ಅಬ್ರುಝೀಸ್. ಗೋ ಹಾಡಿನಲ್ಲಿ ಅವರ ಕೈ ಓಡುವುದನ್ನು ಕೇಳಿದರೆ ಏರುಪದಕ್ಕೆ ಚೆಂಡೆ ಬಿದ್ದ ಹಾಗೆ ಮೈ ಎದ್ದು ಕೂರುತ್ತದೆ. ರಿಯರ್‌ವ್ಯೂಮಿರರ್ ಮುಗಿಯುವಲ್ಲಿ ಕಿವಿಗೊಟ್ಟು ಕೇಳಿ. ಅವರು ಕೋಲು ಎಸೆದ ಸದ್ದು ಹಾಗೇ ಉಳಿದುಕೊಂಡಿದೆ.

ಹಾಗಾದರೆ ಟೆನ್ನಾ, ವರ್ಸಸ್ಸಾ? ಮಾಧುರ್ಯ ಬೇಕು, ದೊಡ್ಡ ದನಿಯಲ್ಲಿ ಜತೆಗೆ ಹಾಡಬೇಕು ಅನ್ನುವವರಿಗೆ ಟೆನ್. ಬ್ಲ್ಯಾಕ್ ಹಾಡೊಂದೇ ಸಾಕು. ಕಂಪನಿ ಎಷ್ಟು ಒತ್ತಾಯ ಮಾಡಿದರೂ ಬ್ಯಾಂಡ್ ಅದನ್ನು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಿಡಲಿಲ್ಲ. ತಾಳ, ಬಿರುಸು, ಸಿಟ್ಟು ಬೇಕು ಅನ್ನುವವರಿಗೆ ವರ್ಸಸ್. ಆದರೆ ಈ ಎರಡರಲ್ಲಿ ಯಾವುದನ್ನೂ ನಾನು ಮೊದಲಿಗೆ ಕೊಡುವುದಿಲ್ಲ. ಟೆನ್‌ನಿಂದ ಶುರು ಮಾಡಿದವರು ಮುಂದಿನ ಎಲ್ಲ ಆಲ್ಬಂನಲ್ಲೂ ಟೆನ್ ಅನ್ನೇ ಹುಡುಕುತ್ತಾರೆ. ಸಿಗುವುದಿಲ್ಲ. ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅಂಥವರನ್ನು ನಾನು ತುಂಬ ನೋಡಿದ್ದೇನೆ.

ವೈಟಾಲಜಿ ಮತ್ತು ನೋ ಕೋಡ್

1994ರ ವೈಟಾಲಜಿಯಲ್ಲಿ ಬೆಟರ್ ಮ್ಯಾನ್, ಕಾರ್ಡುರಾಯ್, ನಥಿಂಗ್‌ಮ್ಯಾನ್ ಇವೆ. ಮೂರೂ ಹಾಡು ಮುತ್ತಿನ ಹಾಗೆ. ನಡುನಡುವೆ ಅಕಾರ್ಡಿಯನ್ ಹಿಡಿದು ಮಾತಾಡಿದ ಹಾಗಿರುವ ಬಗ್ಸ್ ಥರದ ವಿಚಿತ್ರ ತುಣುಕುಗಳೂ ಇವೆ. ಮೊದಲ ಸಲ ಕೇಳುವವರು ಅವನ್ನು ದಾಟಿ ಹೋದರೆ ತಪ್ಪಿಲ್ಲ.

1996ರ ನೋ ಕೋಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಂದಾಗ ಎಷ್ಟೋ ಅಭಿಮಾನಿಗಳಿಗೆ ರುಚಿಸದ ಆಲ್ಬಂ ಇದು. ನಮ್ಮವರ ಕಿವಿಗೆ ಇದು ಎಲ್ಲಕ್ಕಿಂತ ಹತ್ತಿರ ಅನ್ನುವುದು ನನ್ನ ನಂಬಿಕೆ. ಅದರ ಹಿಂದಿನ ವರ್ಷ ವೆಡ್ಡರ್ ಒಂದು ಸಿನಿಮಾದ ಹಾಡುಗಳಿಗಾಗಿ ಪಾಕಿಸ್ತಾನದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಜತೆ ಕೂತು ಹಾಡಿದ್ದರು. ಆ ಪ್ರಭಾವ ಹೂ ಯು ಆರ್ ಹಾಡಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ವೆಡ್ಡರ್ ಅದರಲ್ಲಿ ಎಲೆಕ್ಟ್ರಿಕ್ ಸಿತಾರ್ ನುಡಿಸಿದ್ದಾರೆ. ಆಗ ಡ್ರಮ್‌ಗೆ ಬಂದಿದ್ದವರು ಜ್ಯಾಕ್ ಐರನ್ಸ್. ಇನ್ ಮೈ ಟ್ರೀಯಲ್ಲಿ ಅವರು ಬಾರಿಸುವುದು ರಾಕ್ ಡ್ರಮ್‌ನ ಹಾಗಿಲ್ಲ, ದೂರದ ಕಾಡಿನಿಂದ ಬರುವ ಡೋಲಿನ ಹಾಗಿದೆ. ಮೊದಲ ಹೆಜ್ಜೆಗೆ ಇದು ಬೇಡ. ಮೂರನೆಯದೋ ನಾಲ್ಕನೆಯದೋ ಆಗಿ ಕೇಳಿ. ಗಡಿಬಿಡಿಯಲ್ಲಿ ಕೇಳಬೇಡಿ. ರಾತ್ರಿ ಊಟ ಆದ ಮೇಲೆ ಚಾವಡಿಯಲ್ಲಿ ಕೂತು ಪ್ರೆಸೆಂಟ್ ಟೆನ್ಸ್ ಹಾಕಿ.

ನನ್ನ ಉತ್ತರ: 1998

1998ರ ಫೆಬ್ರವರಿ 3ರಂದು ಯೀಲ್ಡ್ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಲೈವ್ ಆನ್ ಟೂ ಲೆಗ್ಸ್ ಬಂತು, ಆ ಬೇಸಿಗೆಯ ಅಮೆರಿಕ ಪ್ರವಾಸದಲ್ಲಿ ಬೇರೆ ಬೇರೆ ರಾತ್ರಿ ನುಡಿಸಿದ್ದರಲ್ಲಿ ಆಯ್ದ 16 ಹಾಡು. ಶುರು ಮಾಡುವುದಾದರೆ ಈ ಜೋಡಿಯಿಂದ ಮಾಡಿ. ಒಂದು ಪ್ರಸಂಗ, ಒಂದು ಆಟ.

ಜೋಡಿ ಯಾಕೆ? ಗಿವನ್ ಟು ಫ್ಲೈ, ಡೂ ದಿ ಎವಲ್ಯೂಶನ್, ಎಂಎಫ್‌ಸಿ, ಈ ಹಾಡುಗಳು ಎರಡರಲ್ಲೂ ಇವೆ. ಆದರೆ ಯೀಲ್ಡ್‌ನಲ್ಲಿ ಡ್ರಮ್ ಜ್ಯಾಕ್ ಐರನ್ಸ್ ಅವರದು. ಆ ವರ್ಷದ ಪ್ರವಾಸದ ನಡುವೆ ಅವರು ಬಿಟ್ಟರು, ಸೌಂಡ್‌ಗಾರ್ಡನ್ ಬ್ಯಾಂಡಿನಲ್ಲಿದ್ದ ಮ್ಯಾಟ್ ಕ್ಯಾಮರಾನ್ ಬಂದರು. ಲೈವ್‌ನಲ್ಲಿ ಕೇಳುವುದು ಕ್ಯಾಮರಾನ್ ಕೈ. ಅದೇ ಹಾಡು, ಅದೇ ನಾಲ್ಕು ಜನ, ಹಿಂದಿನ ಕೈ ಮಾತ್ರ ಬೇರೆ. ಐರನ್ಸ್ ಹಾಡನ್ನು ತೂಗುತ್ತಾರೆ. ಕ್ಯಾಮರಾನ್ ಅದನ್ನು ಬಿಗಿ ಹಿಡಿದು ಮುಂದಕ್ಕೆ ಒಯ್ಯುತ್ತಾರೆ. ಒಂದು ಮೇಳದ ಚೆಂಡೆಯವರು ಬದಲಾದರೆ ಅದೇ ಭಾಗವತರ ಪದ್ಯ ಹೇಗೆ ಬೇರೆಯಾಗುತ್ತದೆ ಅಂತ ನಮಗೆ ಗೊತ್ತು. ಇಲ್ಲಿ ಅದನ್ನು ಪಕ್ಕಪಕ್ಕದಲ್ಲಿ ಇಟ್ಟು ಕೇಳಬಹುದು. ಕ್ಯಾಮರಾನ್ ಮುಂದೆ 27 ವರ್ಷ ಇದ್ದು 2025ರಲ್ಲಿ ಬಿಟ್ಟರು. ಹಾಗಾಗಿ ಈ ಲೈವ್ ಆಲ್ಬಂ ಒಂದು ದೊಡ್ಡ ಕಾಲದ ಮೊದಲ ಪುಟವೂ ಹೌದು.

ಯೀಲ್ಡ್‌ಗೆ ಇನ್ನೊಂದು ಗುಣ ಇದೆ. ಅಲ್ಲಿಯವರೆಗೆ ಮಾತು ಹೆಚ್ಚಾಗಿ ವೆಡ್ಡರ್ ಅವರದೇ. ಇದರಲ್ಲಿ ಗೊಸಾರ್ಡ್ ಮತ್ತು ಅಮೆಂಟ್ ಕೂಡ ಮಾತು ಬರೆದರು. ಎಲ್ಲರೂ ಹಗುರಾದ ಹಾಗೆ ಕೇಳುತ್ತದೆ. ಸಿಟ್ಟಿದೆ, ಆದರೆ ಉಸಿರಾಡಲು ಜಾಗವೂ ಇದೆ.

ನಮ್ಮ ಮೂರನೇ ಗೆಳೆಯ ಮುಲ್ಕಿಯವನು. ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ಕಡಲು ಸೇರುವಲ್ಲಿ ಬೆಳಗ್ಗೆ ಸರ್ಫಿಂಗ್ ಮಾಡುತ್ತಾನೆ. ಅವನು ಗಿವನ್ ಟು ಫ್ಲೈ ಬಗ್ಗೆ ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ. "ಅದು ಸಣ್ಣದಾಗಿ ಶುರುವಾಗ್ತದೆ. ನೀರು ಹಿಂದೆ ಎಳೀತದೆ. ಮತ್ತೆ ಎತ್ತುತ್ತದೆ. ಬಿಡ್ತದೆ. ಮತ್ತೆ ಎಳೀತದೆ. ಹಲಗೆ ಮೇಲೆ ನಿಂತವನಿಗೆ ಗೊತ್ತಾಗ್ತದೆ, ಇದನ್ನು ಕಡಲಲ್ಲಿ ಬಿದ್ದೆದ್ದವನೇ ಹಾಡಿದ್ದು ಅಂತ."

ಕೇಳುವ ಕ್ರಮ ಹೇಳುತ್ತೇನೆ. ಯೀಲ್ಡ್ ಐವತ್ತು ನಿಮಿಷದ ಒಳಗೆ ಮುಗಿಯುತ್ತದೆ. ಉಡುಪಿಯಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿ, ಕಿಟಕಿಯ ಪಕ್ಕ ಕೂತು, ಶುರು ಮಾಡಿ. ಇನ್ ಹೈಡಿಂಗ್ ಬರುವ ಹೊತ್ತಿಗೆ ಹೆಚ್ಚುಕಡಿಮೆ ಪಡುಬಿದ್ರಿ. ಲೈವ್ ಅನ್ನು ಬಸ್ಸಿನಲ್ಲಿ ಕೇಳಬೇಡಿ. ಮನೆಯಲ್ಲಿ, ಸ್ಪೀಕರ್‌ನಲ್ಲಿ, ಪಕ್ಕದ ಮನೆಯವರಿಗೆ ತೊಂದರೆಯಾಗದಷ್ಟು ಜೋರಾಗಿ ಕೇಳಿ.

ಲೈವ್ ಆನ್ ಟೂ ಲೆಗ್ಸ್‌ನ ಕೊರತೆಯನ್ನೂ ಹೇಳಬೇಕು. ಅಲೈವ್ ಅದರಲ್ಲಿಲ್ಲ, ಜೆರೆಮಿಯೂ ಇಲ್ಲ. ಒಂದೇ ರಾತ್ರಿಯದ್ದಲ್ಲದ ಕಾರಣ ಒಂದು ಕಾರ್ಯಕ್ರಮ ಹೇಗೆ ಏರುತ್ತದೆ, ಎಲ್ಲಿ ದಣಿಯುತ್ತದೆ, ಮತ್ತೆ ಹೇಗೆ ಎದ್ದು ನಿಲ್ಲುತ್ತದೆ ಅನ್ನುವುದು ತಿಳಿಯುವುದಿಲ್ಲ. ಅದು ಕಾಲಮಿತಿ ಯಕ್ಷಗಾನದ ಹಾಗೆ. ಚೆನ್ನಾಗಿದೆ, ಆದರೆ ಬೆಳಗಿನ ಜಾವದ ರಂಗಸ್ಥಳ ಅದರಲ್ಲಿಲ್ಲ.

ಮುಂದಿನ ಲೈವ್ ಯಾವುದು?

ಇದಕ್ಕೆ ನಿಮ್ಮ ಕಿವಿಯ ರುಚಿ ಮುಖ್ಯ.

ತಾಳಮದ್ದಳೆ ಇಷ್ಟಪಡುವವರಾ? ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಿನಲ್ಲೇ ಕಟ್ಟುವುದು ಇಷ್ಟವಾ? ಹಾಗಾದರೆ ಬೆನರೋಯಾ ಹಾಲ್. 2003ರ ಅಕ್ಟೋಬರ್ 22ರಂದು, ಮೊದಲ ಕಾರ್ಯಕ್ರಮದಿಂದ ಸರಿಯಾಗಿ ಹದಿಮೂರು ವರ್ಷಕ್ಕೆ, ಸಿಯಾಟಲ್‌ನ ಸಿಂಫನಿ ಸಭಾಂಗಣದಲ್ಲಿ ಸಹಾಯಾರ್ಥವಾಗಿ ನುಡಿಸಿದ ಅಕೌಸ್ಟಿಕ್, ಅಂದರೆ ಎಲೆಕ್ಟ್ರಿಕ್ ಗಿಟಾರ್ ಬದಲು ಸಾದಾ ಗಿಟಾರಿನ, ಕಾರ್ಯಕ್ರಮ. ಜನ ಕುರ್ಚಿಯಲ್ಲಿ ಕೂತು ಉಸಿರು ಹಿಡಿದು ಕೇಳುತ್ತಾರೆ. ಒಂದೊಂದು ಪದವೂ ಕಿವಿಗೆ ಬೀಳುತ್ತದೆ. ಇಂಗ್ಲಿಷ್ ಹಾಡಿನ ಮಾತು ಹಿಡಿಯುವುದು ಕಷ್ಟ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ರಾಕ್ ಅಂದರೆ ಬರೀ ಗಲಾಟೆ ಅನ್ನುವ ನನ್ನ ಅತ್ತಿಗೆಯೂ ಅಡುಗೆ ಮನೆಯಿಂದ ಬಂದು ಕೂತು ಕ್ರೇಜಿ ಮೇರಿ ಪೂರ್ತಿ ಕೇಳಿದರು.

1992ರ ಎಂಟಿವಿ ಅನ್‌ಪ್ಲಗ್ಡ್ ಕೂಡ ಅಕೌಸ್ಟಿಕ್. ಆದರೆ ಅದು ಬೇರೆ ಜಾತಿ. ಅಲ್ಲಿ ಗಿಟಾರ್ ಮಾತ್ರ ಅಕೌಸ್ಟಿಕ್, ಹಾಡುವವರ ಮೈಯಲ್ಲಿ ಬೆಂಕಿ. ಚಿಕ್ಕದು, ಒಂದೇ ಕೂರಿಕೆಗೆ ಮುಗಿಯುತ್ತದೆ. ವೆಡ್ಡರ್ ಸ್ವರ ಹರೆಯದಲ್ಲಿ ಹೇಗಿತ್ತು ಅಂತ ತಿಳಿಯಬೇಕಾದರೆ ಇದನ್ನು ಕೇಳಿ.

ಇಡೀ ರಾತ್ರಿಯ ಬಯಲಾಟವೇ ಬೇಕು ಅನ್ನುವವರಿಗೆ ಲೈವ್ ಅಟ್ ದ ಗಾರ್ಜ್. ಕೊಲಂಬಿಯಾ ನದಿಯ ಕಣಿವೆಯ ಅಂಚಿನಲ್ಲಿರುವ ಬಯಲು ರಂಗ. 2005ರ ಒಂದು ರಾತ್ರಿ, 2006ರ ಎರಡು ರಾತ್ರಿ, ಒಟ್ಟು ಏಳು ಸಿಡಿ. 2005ರದ್ದು ಅಕೌಸ್ಟಿಕ್ ಹಾಡುಗಳಿಂದ ಮೆಲ್ಲಗೆ ಶುರುವಾಗಿ ಬೆಳೆಯುತ್ತದೆ. ನನಗೆ ಅದೇ ಹೆಚ್ಚು. ಒಂದೇ ಸಲಕ್ಕೆ ಏಳೂ ಸಿಡಿ ಕೇಳಲು ಹೋಗಬೇಡಿ. ಒಂದು ಶನಿವಾರಕ್ಕೆ ಒಂದು ರಾತ್ರಿ ಸಾಕು.

ಇನ್ನು ಬೂಟ್‌ಲೆಗ್‌ಗಳು. ಕಾರ್ಯಕ್ರಮವನ್ನು ಕದ್ದು ರೆಕಾರ್ಡ್ ಮಾಡಿ ಮಾರುವುದಕ್ಕೆ ಇರುವ ಹೆಸರು ಅದು. 2000ದ ಪ್ರವಾಸದಲ್ಲಿ ಬ್ಯಾಂಡ್ ತಾನೇ ಮುಂದೆ ಬಂದು ಹೆಚ್ಚುಕಡಿಮೆ ಪ್ರತಿ ರಾತ್ರಿಯನ್ನೂ ಸಿಡಿ ಮಾಡಿ ಬಿಟ್ಟಿತು. 72 ಕಾರ್ಯಕ್ರಮ. ಕಳ್ಳ ರೆಕಾರ್ಡಿಂಗ್‌ಗೆ ಜನ ದುಡ್ಡು ಸುರಿಯುವುದು ಬೇಡ, ಒಳ್ಳೆಯ ಗುಣಮಟ್ಟದ್ದು ಕಡಿಮೆ ಬೆಲೆಗೆ ಸಿಗಲಿ ಅನ್ನುವುದು ಉದ್ದೇಶ. ಆಮೇಲಿನ ಪ್ರವಾಸಗಳಲ್ಲೂ ಅದು ಮುಂದುವರಿಯಿತು. ಅಣ್ಣನ ಮಗಳು ಹೇಳಿದ "ನೂರಾರು" ಇವೇ.

ಇದರ ನಡುವೆ ಒಂದು ರಾತ್ರಿ ಇಲ್ಲ. 2000ದ ಜೂನ್ 30, ಡೆನ್ಮಾರ್ಕ್‌ನ ರಾಸ್ಕಿಲ್ಡ ಉತ್ಸವ. ಇವರು ನುಡಿಸುತ್ತಿದ್ದಾಗ ಜನರ ನೂಕಾಟದಲ್ಲಿ ಒಂಬತ್ತು ಯುವಕರು ಸತ್ತರು. ಬ್ಯಾಂಡ್ ನಿಂತೇ ಹೋಗುವ ಹಂತಕ್ಕೆ ಬಂತು. ಆ ಪ್ರವಾಸದ ಉಳಿದೆರಡು ಕಾರ್ಯಕ್ರಮ ರದ್ದಾದವು. ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮತ್ತೆ ವೇದಿಕೆ ಹತ್ತಿದರು, ಆದರೆ ಅಲೈವ್ ನುಡಿಸಲಿಲ್ಲ. ತಿಂಗಳುಗಟ್ಟಲೆ ನುಡಿಸಲಿಲ್ಲ. ನವೆಂಬರ್ 6ರಂದು ಸಿಯಾಟಲ್‌ನಲ್ಲಿ, ಪ್ರವಾಸದ ಕೊನೆಯ ರಾತ್ರಿ, ಅದನ್ನು ಮತ್ತೆ ಎತ್ತಿಕೊಂಡರು. ಬೂಟ್‌ಲೆಗ್‌ಗಳಲ್ಲಿ ಒಂದನ್ನೇ ಆರಿಸು ಅಂದರೆ ನಾನು ಆರಿಸುವುದು ಅದನ್ನು. ಟೆನ್‌ನ ಅಲೈವ್ ಮೊದಲು ಕೇಳಿ, ಆಮೇಲೆ ಇದನ್ನು ಕೇಳಿ. ಜನ ಆ ಸಾಲನ್ನು ಹಾಡುವಾಗ ನನಗೆ ಇವತ್ತಿಗೂ ಕಣ್ಣು ತುಂಬುತ್ತದೆ.

ಇನ್ನೆರಡು ಸುಲಭದ ಆಯ್ಕೆ. ನೋ ಕೋಡ್ ಮೆಚ್ಚಿದವರು 2014ರ ಅಕ್ಟೋಬರ್ 17ರ ಮೊಲಿನ್ ಊರಿನ ಕಾರ್ಯಕ್ರಮ ಹುಡುಕಿ. ಅವತ್ತು ಆ ಆಲ್ಬಂ ಅನ್ನು ಇಡಿಯಾಗಿ ನುಡಿಸಿದರು. ಮೂರು ದಿನ ಬಿಟ್ಟು ಮಿಲ್ವಾಕಿಯಲ್ಲಿ ಯೀಲ್ಡ್ ಇಡಿಯಾಗಿ ಬಂತು.

ಯಾವ ರಾತ್ರಿಯದ್ದೇ ಆಗಲಿ, ಎರಡು ಕಡೆ ಗಮನ ಇಡಿ. ಈವನ್ ಫ್ಲೋದಲ್ಲಿ ಮೆಕ್ರೆಡಿ ಗಿಟಾರ್ ಎಷ್ಟು ದೂರ ಹೋಗುತ್ತದೆ ಅಂತ ನೋಡಿ, ಸ್ಟುಡಿಯೊದ್ದಕ್ಕಿಂತ ವೇಗವೂ ಜಾಸ್ತಿ. ಮತ್ತೆ ಡಾಟರ್ ಹಾಡಿನ ಕೊನೆ. ಅಲ್ಲಿ ವೆಡ್ಡರ್ ಬೇರೆ ಹಾಡಿನ ಸಾಲನ್ನು ತಂದು ಸೇರಿಸುತ್ತಾರೆ. ಯಾವುದು ಅಂತ ಮುಂಚೆ ಗೊತ್ತಿರುವುದಿಲ್ಲ.

ಉಳಿದವು

2000ದ ಬೈನಾರಲ್ ಹೆಡ್‌ಫೋನಿಗೆ ಹೇಳಿದ್ದು. 2002ರ ರಾಯಟ್ ಆ್ಯಕ್ಟ್‌ನಲ್ಲಿ ರಾಸ್ಕಿಲ್ಡದ ನೋವು ಇದೆ, ಲವ್ ಬೋಟ್ ಕ್ಯಾಪ್ಟನ್ ಕೇಳಿ. 2006ರದ್ದು ಬ್ಯಾಂಡಿನ ಹೆಸರಿನದ್ದೇ, ಮುಖಪುಟದಲ್ಲಿ ಬೆಣ್ಣೆಹಣ್ಣು. 2009ರ ಬ್ಯಾಕ್‌ಸ್ಪೇಸರ್ ಚುರುಕು ಮತ್ತು ಚಿಕ್ಕದು, ಜಸ್ಟ್ ಬ್ರೀದ್ ಅದರಲ್ಲಿದೆ. 2013ರ ಲೈಟ್ನಿಂಗ್ ಬೋಲ್ಟ್, 2020ರ ಗಿಗಾಟನ್, ಇವೆರಡರಲ್ಲಿ ನನಗೆ ಒಂದೊಂದೇ ಹಾಡು ಅಂಟಿಕೊಂಡಿದೆ. 2024ರ ಡಾರ್ಕ್ ಮ್ಯಾಟರ್ ಮಾತ್ರ ಪೂರ್ತಿ ಕೇಳಿಸಿಕೊಳ್ಳುತ್ತದೆ. ಅರವತ್ತರ ಹತ್ತಿರದವರು ನುಡಿಸಿದ್ದು ಅಂತ ಯಾರೂ ಹೇಳಲಾರರು.

ಭಾರತಕ್ಕೆ ಅವರು ಬಂದಿಲ್ಲ. ನಮಗೆ ಲೈವ್ ಅಂದರೆ ಈ ರೆಕಾರ್ಡಿಂಗ್‌ಗಳೇ. ಅದಕ್ಕೇ ಇಷ್ಟು ನೋಡಿ ಆರಿಸಬೇಕಾಗಿದೆ.

ಅಣ್ಣನ ಮಗಳಿಗೆ 1998ರ ಜೋಡಿಯನ್ನೇ ಕೊಟ್ಟೆ. ಮುಂದಿನ ವಾರ ಬಸ್ಸಿನಿಂದ ಮೆಸೇಜ್ ಬಂತು. "ಚಿಕ್ಕಪ್ಪ, ಮುಲ್ಕಿ ಸಂಕ ದಾಟಿತು. ಇನ್ ಹೈಡಿಂಗ್ ಇನ್ನೊಮ್ಮೆ ಹಾಕಿದೆ. ಡ್ರಮ್ ಮಾಮ ಹೇಳಿದ ವರ್ಸಸ್ ಇವತ್ತು ರಾತ್ರಿ ಕೇಳ್ತೇನೆ." ಅದನ್ನು ಅವನಿಗೆ ಕಳಿಸಿದೆ. ಶನಿವಾರ ಅವಳನ್ನೂ ಕರೆದುಕೊಂಡು ಬಾ ಅಂದಿದ್ದಾನೆ.